ಇಲ್ಲದ ಕಾಲಿನ ಬೇನೆ

ತುಳುವಿನಲ್ಲಿ ಹೊಟ್ಟೆನೋವಿಗೆ ಬಂಜಿಬೇನೆ ಎನ್ನುತ್ತಾರೆ. ಧಾರವಾಡದ ಕಡೆ ಅದು ಹೊಟ್ಟಿಬ್ಯಾನಿ. ಹಳೆ ಮೈಸೂರಿನ ಸೀಮೆಯಲ್ಲಿ ದಿನದ ಮಾತಿಗೆ ‘ನೋವು’ ಸಾಕಾದರೂ ಬಸುರಿಗೆ ದಿನ ತುಂಬಿದಾಗ ಬರುವುದು ಬೇನೆಯೇ. ‘ಬೇನೆ ತಿನ್ನುತ್ತಿದ್ದಾಳೆ’ ಎಂದರೆ ಸಾಕು, ಮನೆಮಂದಿಯೆಲ್ಲ ಎದ್ದು ನಿಲ್ಲುತ್ತಾರೆ. ಹಿರಿಯರ ಆರೋಗ್ಯ ವಿಚಾರಿಸುವಾಗ ‘ಬೇನೆ ಬೇಸರಿಕೆ ಏನೂ ಇಲ್ಲವಲ್ಲ?’ ಎಂದು ಕೇಳುವ ರೂಢಿ ಇನ್ನೂ ಉಳಿದಿದೆ. ಕೊಟ್ಟಿಗೆಯ ಕಡೆ ಹೋದರೆ ಅಲ್ಲಿಯೂ ಇದೇ ಪದ. ಹಸುವಿನ ಬಾಯಿಯಲ್ಲಿ, ಗೊರಸಿನ ಸಂದಿನಲ್ಲಿ ಹುಣ್ಣೆದ್ದು ಅದು ಮೇವು ಬಿಟ್ಟು ಕುಂಟತೊಡಗಿದರೆ ಕಾಲುಬಾಯಿ ಬೇನೆ. ಮನುಷ್ಯರಿಗೊಂದು, ಪ್ರಾಣಿಗಳಿಗೊಂದು ಎಂದು ಕನ್ನಡ ಈ ಪದವನ್ನು ಪಾಲು ಮಾಡಲಿಲ್ಲ. ಹೆರುವ ಹೆಂಗಸಿಗೂ ಜೊಲ್ಲು ಸುರಿಸುತ್ತ ನಿಂತ ಹಸುವಿಗೂ ಒಂದೇ ಬೇನೆ.

ಈ ಸಣ್ಣ ಪದದ ಬೆನ್ನು ಹತ್ತಿ ಹೋದರೆ ಅದು ನಮ್ಮನ್ನು ಇಂದಿನ ಪಶುವೈದ್ಯರ ಮುಂದಿರುವ ಒಂದು ಕಠಿಣ ಪ್ರಶ್ನೆಯ ಹತ್ತಿರ ತಂದು ನಿಲ್ಲಿಸುತ್ತದೆ. ಅಪಘಾತದಿಂದಲೋ ಮೂಳೆಯ ಕ್ಯಾನ್ಸರಿನಿಂದಲೋ ಒಂದು ಕಾಲು ತೆಗೆಸಿಕೊಂಡ ನಾಯಿಗೆ ಆ ಇಲ್ಲದ ಕಾಲು ನೋಯುತ್ತದೆಯೇ? ನೋಯುವುದಾದರೆ ನಾವು ಅದನ್ನು ತಿಳಿಯುವುದು ಹೇಗೆ, ತಣಿಸುವುದು ಹೇಗೆ?

ಬೇನೆ ಎಂಬುದು ಸಂಸ್ಕೃತದ ‘ವೇದನಾ’ ಪದದ ತದ್ಭವ. ಪ್ರಾಕೃತದ ಬಾಯಲ್ಲಿ ಎರಡು ಸ್ವರಗಳ ನಡುವಿನ ದಕಾರ ಸವೆದು ಅದು ‘ವೇಅಣಾ’ ಆಯಿತು. ಕನ್ನಡಕ್ಕೆ ಬರುವಾಗ ಮೊದಲಿನ ವಕಾರ ಬಕಾರವಾಯಿತು. ವನ ಬನವಾದದ್ದು, ವರ್ಣ ಬಣ್ಣವಾದದ್ದು, ವಸತಿ ಬಸದಿಯಾದದ್ದು ಇದೇ ದಾರಿಯಲ್ಲಿ. 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇಂಥ ಮಾರ್ಪಾಡುಗಳಿಗೆಂದೇ ಅಪಭ್ರಂಶ ಪ್ರಕರಣ ಎಂಬ ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ನೆರೆಯ ಮರಾಠಿಯಲ್ಲಿಯೂ ಹೆರಿಗೆ ನೋವಿಗೆ ‘ವೇಣಾ’ ಎನ್ನುತ್ತಾರೆ. ಅದೂ ಇದೇ ಬಳ್ಳಿಯ ಕಾಯಿ. ಮೂಲ ರೂಪವಾದ ‘ವೇದನೆ’ ಕೂಡ ಕನ್ನಡದಲ್ಲಿ ಉಳಿದುಕೊಂಡಿತು. ಹೀಗೆ ಒಂದೇ ಪದ ಎರಡು ವೇಷದಲ್ಲಿ ನಮ್ಮ ನಡುವೆ ಓಡಾಡುತ್ತಿದೆ. ಬೇನೆ ಮೈಗೆ ಅಂಟಿಕೊಂಡಿತು, ವೇದನೆ ಮನಸ್ಸಿನ ಕಡೆ ವಾಲಿತು.

ವೇದನೆಯ ಬೇರು ‘ವಿದ್’. ವಿದ್ ಎಂದರೆ ತಿಳಿ, ಅರಿ. ವೇದ, ವಿದ್ಯೆ, ವಿದ್ವಾಂಸ ಎಲ್ಲವೂ ಆ ಬೇರಿನ ಕುಡಿಗಳೇ. ವೈದ್ಯನೂ ಅಲ್ಲಿಂದಲೇ ಬಂದವನು; ಹಳಗನ್ನಡದಲ್ಲಿ ಅವನು ‘ಬೆಜ್ಜ’. ಅಂದರೆ ಬೇನೆ ಮತ್ತು ಬೆಜ್ಜ ಒಂದೇ ತಾಯಿಯ ಮಕ್ಕಳು. ನರಳುವವನದೂ ಒಂದು ತಿಳಿವು, ಆ ನರಳಾಟವನ್ನು ನಿವಾರಿಸುವವನದೂ ಒಂದು ತಿಳಿವು. ವೇದನೆಯ ಮೊದಲ ಅರ್ಥ ನೋವು ಎಂದಲ್ಲ, ಅರಿವಿಗೆ ಬರುವುದು ಎಂದು. ಬೌದ್ಧರು ಆ ಅರ್ಥವನ್ನೇ ಹಿಡಿದುಕೊಂಡರು. ಅವರಲ್ಲಿ ವೇದನೆ ಮೂರು ಬಗೆ: ಸುಖದ್ದು, ದುಃಖದ್ದು, ಎರಡೂ ಅಲ್ಲದ್ದು. ಜೈನರ ಎಂಟು ಕರ್ಮಗಳಲ್ಲಿ ಒಂದಾದ ‘ವೇದನೀಯ’ದಲ್ಲಿಯೂ ಸಾತಾ, ಅಸಾತಾ ಎಂದು ಹಿತ, ಅಹಿತ ಎರಡಕ್ಕೂ ಜಾಗವಿದೆ. ಆ ಕರ್ಮ ಮನುಷ್ಯನಿಗೆ ಮಾತ್ರ ಮೀಸಲಾದದ್ದೂ ಅಲ್ಲ. ಜೀವವುಳ್ಳ ಎಲ್ಲಕ್ಕೂ ಅದು ಅಂಟುತ್ತದೆ. ಕಾಲ ಕಳೆದಂತೆ ಹಿತದ ಅರ್ಥ ಜಾರಿಹೋಗಿ ಅಹಿತವೊಂದೇ ಉಳಿಯಿತು. ಮೈ ಸುಖವಾಗಿದ್ದಾಗ ಅದರ ಅರಿವು ನಮಗೆ ಇರುವುದಿಲ್ಲ. ನೊಂದಾಗ ಮಾತ್ರ ಇಂಥ ಕಡೆ ಹಲ್ಲಿದೆ, ಇಂಥ ಕಡೆ ಸೊಂಟವಿದೆ ಎಂದು ತಿಳಿಯುತ್ತದೆ. ಅರಿವು ಎಂಬ ಪದ ನೋವು ಎಂದಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ತೋರುವುದಿಲ್ಲ.

‘ನೋವು’ ಅಚ್ಚ ದ್ರಾವಿಡ ಪದ. ನೋಯು, ನೊಂದ, ನೋಯಿಸು ಎಂದು ಕ್ರಿಯೆಯಾಗಿ ಓಡಾಡುವ ಶಕ್ತಿ ಅದಕ್ಕಿದೆ. ತಮಿಳಿನಲ್ಲಿ ಅದೇ ಕುಲದ ‘ನೋಯ್’ ಕಾಯಿಲೆ ಎಂಬ ಅರ್ಥಕ್ಕೆ ನಿಂತಿತು. ಕನ್ನಡದಲ್ಲಿ ಆ ಕೆಲಸವನ್ನು ಬೇನೆ ಹೊತ್ತುಕೊಂಡಿತು. 12ನೆಯ ಶತಮಾನದ ಅಕ್ಕಮಹಾದೇವಿ ಒಂದು ವಚನದಲ್ಲಿ ಬೇನೆ, ನೋವು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಅವುಗಳ ಜೊತೆಗೆ ಅರಿವನ್ನೂ ತಂದು, ತಾನು ನೋಯದವನು ಇನ್ನೊಬ್ಬರ ನೋವನ್ನು ಬಲ್ಲನೇ ಎಂಬ ಪ್ರಶ್ನೆ ಎತ್ತುತ್ತಾಳೆ. ವೇದನೆಯ ಒಳಗೆ ಹುದುಗಿದ್ದ ಅರಿವು ಅಲ್ಲಿ ಮತ್ತೆ ಮೇಲೆದ್ದು ಬಂದಿತು. ಅಕ್ಕನ ಪ್ರಶ್ನೆ ಇಂದಿಗೂ ವೈದ್ಯಶಾಸ್ತ್ರದ ಪ್ರಶ್ನೆಯೇ. ನೋಯುವ ಜೀವಕ್ಕೆ ಮಾತೇ ಬಾರದಿದ್ದಾಗ ಅದು ಇನ್ನೂ ಹರಿತವಾಗುತ್ತದೆ.

ವೇದನೆ ಇರುವುದು ಎಲ್ಲಿ? ಚರಕಸಂಹಿತೆಯ ಶಾರೀರಸ್ಥಾನ ಇದಕ್ಕೆ ಉತ್ತರ ಕೊಡುತ್ತದೆ: ಮನಸ್ಸು, ಮತ್ತು ಇಂದ್ರಿಯಗಳೊಡನೆ ಕೂಡಿದ ದೇಹ, ಇವೆರಡು ಅದರ ನೆಲೆ, ಕೂದಲು, ಉಗುರಿನ ತುದಿ ಮುಂತಾದವು ಹೊರತು. ಗಾಯವಾದ ಜಾಗವೇ ನೋವಿನ ಮನೆ ಎಂದು ಚರಕ ಹೇಳಲಿಲ್ಲ, ಮನಸ್ಸನ್ನೂ ಸೇರಿಸಿದ. ಬೌದ್ಧರ ಕಾರಣಸರಪಳಿಯಲ್ಲಿ ಮೊದಲು ಸ್ಪರ್ಶ, ಆಮೇಲೆ ವೇದನೆ. ಆದರೆ ಸ್ಪರ್ಶಕ್ಕೆ ಅಂಗವೇ ಇಲ್ಲದಿದ್ದರೂ ವೇದನೆ ಹುಟ್ಟುವ ಒಂದು ಸ್ಥಿತಿ ಇದೆ.

16ನೆಯ ಶತಮಾನದಲ್ಲಿ ಫ್ರಾನ್ಸಿನ ಸೈನ್ಯದ ಶಸ್ತ್ರವೈದ್ಯ ಆಂಬ್ರುವಾಸ್ ಪಾರೆ ಅದನ್ನು ಬರೆದಿಟ್ಟ. ಕಾಲು ತೆಗೆದು ಬಹಳ ಕಾಲವಾದ ಮೇಲೂ ಸೈನಿಕರು ಆ ಕಾಲು ನೋಯುತ್ತಿದೆ ಎನ್ನುತ್ತಿದ್ದರು. 1644ರಲ್ಲಿ ತತ್ತ್ವಜ್ಞಾನಿ ದೆಕಾರ್ತ್ ಕೈ ಕಳೆದುಕೊಂಡ ಒಬ್ಬ ಹುಡುಗಿಯ ಸಂಗತಿ ಬರೆದ; ತೋಳು ತೆಗೆದಿದ್ದಾರೆಂದು ತಿಳಿಯದ ಅವಳು ಇಲ್ಲದ ಬೆರಳುಗಳ ನೋವನ್ನು ಹೇಳಿಕೊಳ್ಳುತ್ತಿದ್ದಳು. ನೋವಿನ ಅರಿವು ಆಗುವುದು ಕೈಯಲ್ಲಲ್ಲ, ಮಿದುಳಿನಲ್ಲಿ ಎಂದು ಅವನು ಅದರಿಂದ ವಾದಿಸಿದ. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರನ್ನು ಫಿಲಡೆಲ್ಫಿಯಾದಲ್ಲಿ ನೋಡಿಕೊಂಡ ಸೈಲಸ್ ವಿಯರ್ ಮಿಚೆಲ್ 1871ರಲ್ಲಿ ಇದಕ್ಕೆ ‘ಫ್ಯಾಂಟಮ್ ಲಿಂಬ್’ ಎಂಬ ಹೆಸರು ಕೊಟ್ಟ. ಗ್ರೀಕಿನಲ್ಲಿ ಫ್ಯಾಂಟಮ್ ಎಂಬುದರ ಬೇರು ‘ತೋರು’ ಎಂಬ ಕ್ರಿಯೆ. ಇಲ್ಲದೆಯೂ ತೋರುವುದು ಫ್ಯಾಂಟಮ್. ಕನ್ನಡದಲ್ಲಿ ಇದನ್ನು ಭ್ರಮೆಯ ಅಂಗ, ಮಾಯಾಂಗ ಎಂದು ಬರೆಯುವುದುಂಟು. ಭ್ರಮೆ ಎಂದೊಡನೆ ನೋವೂ ಸುಳ್ಳು ಎಂಬ ಧ್ವನಿ ಬಂದುಬಿಡುತ್ತದೆ. ಕಾಲು ಇಲ್ಲದಿರುವುದು ನಿಜ, ನೋಯುವುದೂ ಅಷ್ಟೇ ನಿಜ. ‘ಇಲ್ಲದ ಕಾಲಿನ ಬೇನೆ’ ಎಂದರೆ ಎರಡು ನಿಜಗಳೂ ಉಳಿಯುತ್ತವೆ.

ಹೀಗಾಗುವುದು ಏಕೆ? ಕತ್ತರಿಸಿದ ನರದ ತುದಿ ಮತ್ತೆ ಬೆಳೆಯಲು ಹವಣಿಸಿ, ದಾರಿ ಕಾಣದೆ ಗಂಟು ಕಟ್ಟಿಕೊಳ್ಳುತ್ತದೆ. ಯಾರೂ ಮುಟ್ಟದಿದ್ದರೂ ಆ ನರಗಂಟು ತಾನೇ ತಾನಾಗಿ ಸಂಕೇತ ಕಳಿಸಬಲ್ಲದು. ಮೊದಲೇ ನೋವುಂಡ ಬೆನ್ನುಹುರಿ ಕೆರಳಿ, ಸಣ್ಣ ಸಂಕೇತವನ್ನೂ ದೊಡ್ಡದು ಮಾಡಿ ಮೇಲಕ್ಕೆ ದಾಟಿಸುತ್ತದೆ. ಮಿದುಳಿನಲ್ಲಿರುವ ಮೈಯ ನಕ್ಷೆಯಲ್ಲಿ ಆ ಕಾಲಿನ ಜಾಗ ಅಳಿದಿರುವುದಿಲ್ಲ. ಊರು ಬಿಟ್ಟವನ ಹೆಸರು ಪಡಿತರ ಚೀಟಿಯಲ್ಲಿ ಉಳಿದುಬಿಡುವಂತೆ ಅದು ಉಳಿದಿರುತ್ತದೆ. ಕೆನಡಾದ ರೊನಾಲ್ಡ್ ಮೆಲ್ಜಾಕ್ ಮೈಯ ಅರಿವೇ ಮಿದುಳಿನ ನರಜಾಲದ ಸೃಷ್ಟಿ ಎಂದು ವಿವರಿಸಿದರು. 1990ರ ದಶಕದಲ್ಲಿ ತಮಿಳುನಾಡು ಮೂಲದ ವಿ.ಎಸ್. ರಾಮಚಂದ್ರನ್ ಕನ್ನಡಿಯ ಪೆಟ್ಟಿಗೆಯೊಂದನ್ನು ಬಳಸಿ, ಇರುವ ಕೈಯ ಬಿಂಬವನ್ನು ಇಲ್ಲದ ಕೈಯ ಜಾಗದಲ್ಲಿ ತೋರಿಸಿ ಕೆಲವರ ನೋವನ್ನು ಇಳಿಸಿದರು. ಅಂಗ ಕಳೆದುಕೊಂಡ ಮನುಷ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ಬೇನೆ ಒಂದಲ್ಲ ಒಂದು ಮಟ್ಟದಲ್ಲಿ ಕಾಡುತ್ತದೆ.

ನಾಯಿಗೂ ಅದೇ ಬಗೆಯ ನರ, ಅದೇ ಬಗೆಯ ಬೆನ್ನುಹುರಿ, ಮೈಯ ನಕ್ಷೆ ಹೊತ್ತ ಮಿದುಳು. ಆದರೂ ಬಹಳ ಕಾಲ ಈ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಪ್ರಾಣಿಗಳು ಯಂತ್ರದಂತೆ ಎಂಬ ದೆಕಾರ್ತನ ವಾದ ಯುರೋಪಿನ ವಿಜ್ಞಾನದ ಮೇಲೆ ಉದ್ದ ನೆರಳು ಚಾಚಿತ್ತು. ಇಲ್ಲದ ಬೆರಳಿನ ನೋವನ್ನು ಅಷ್ಟು ಸೂಕ್ಷ್ಮವಾಗಿ ಗುರುತಿಸಿದವನ ವಾದವೇ ನಾಯಿಯ ನರಳಿಕೆಯನ್ನು ಅಲಕ್ಷಿಸಲು ಆಧಾರವಾದದ್ದು ನೋವಿನ ಸಂಗತಿ. ಇನ್ನೊಂದು ಅಡ್ಡಿ ವ್ಯಾಖ್ಯೆಯದು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘಟನೆ 1979ರಲ್ಲಿ ಕೊಟ್ಟ ವ್ಯಾಖ್ಯೆಯಲ್ಲಿ, ಅನುಭವಿಸುವವರು ಅದನ್ನು ವರ್ಣಿಸುವ ಮಾತೂ ಸೇರಿತ್ತು. ವರ್ಣಿಸಲಾರದ ಕೂಸು, ವರ್ಣಿಸಲಾರದ ನಾಯಿ ಏನು ಮಾಡಬೇಕು? 2020ರಲ್ಲಿ ಆ ವ್ಯಾಖ್ಯೆಯನ್ನು ತಿದ್ದಲಾಯಿತು. ಮಾತು ನೋವನ್ನು ತೋರ್ಪಡಿಸುವ ಹಲವು ವರ್ತನೆಗಳಲ್ಲಿ ಒಂದು ಮಾತ್ರ; ಹೇಳಲಾಗದಿದ್ದರೆ ಮನುಷ್ಯನಿಗಾಗಲಿ ಬೇರೆ ಪ್ರಾಣಿಗಾಗಲಿ ನೋವಿಲ್ಲ ಎಂದಾಗುವುದಿಲ್ಲ ಎಂದು ಅದರ ಟಿಪ್ಪಣಿಯಲ್ಲಿ ಸ್ಪಷ್ಟಪಡಿಸಿದರು.

ಇದನ್ನು ಕನ್ನಡದಲ್ಲಿ ಎರಡೇ ಪದಗಳಲ್ಲಿ ಹೇಳಬಹುದು. ವಿದ್ ಧಾತುವಿನಿಂದಲೇ ಬಂದ ಇನ್ನೊಂದು ಪದ ‘ನಿವೇದನೆ’. ತನಗೆ ತಿಳಿದದ್ದನ್ನು ಇನ್ನೊಬ್ಬರಿಗೆ ತಿಳಿಸುವುದು ನಿವೇದನೆ. ದೇವರಿಗೆ ಅರ್ಪಿಸುವ ನೈವೇದ್ಯವೂ ಅದರ ಮಗ್ಗುಲಿನದೇ. ನಾಯಿಗೆ ವೇದನೆ ಇದೆ, ನಮ್ಮ ಭಾಷೆಯ ನಿವೇದನೆ ಇಲ್ಲ. 2020ರ ತಿದ್ದುಪಡಿ ಮಾಡಿದ್ದು ಇಷ್ಟೇ: ವೇದನೆಯನ್ನೂ ನಿವೇದನೆಯನ್ನೂ ಬೇರೆ ಬೇರೆ ಮಾಡಿತು. ಬಾಯಿಲ್ಲದ ಹಸುವಿಗೂ ಬೇನೆ ಎಂಬ ಪದವನ್ನು ಕೊಟ್ಟಿದ್ದ ನಮ್ಮ ಕೊಟ್ಟಿಗೆಗಳು ಈ ವಿಷಯದಲ್ಲಿ ಮೊದಲೇ ಸರಿಯಾಗಿದ್ದವು.

ನಾಯಿಯ ಕಾಲು ತೆಗೆಯುವುದು ಅಪರೂಪದ ಶಸ್ತ್ರಚಿಕಿತ್ಸೆಯಲ್ಲ. ನಮ್ಮ ನಗರಗಳಲ್ಲಿ ವಾಹನಕ್ಕೆ ಸಿಕ್ಕಿ ಕಾಲು ನಜ್ಜುಗುಜ್ಜಾದ ಬೀದಿನಾಯಿಗಳಿವೆ. ರಾಟ್‌ವೀಲರ್, ಗ್ರೇಟ್ ಡೇನ್‌ನಂಥ ದೊಡ್ಡ ತಳಿಗಳನ್ನು ಆಸ್ಟಿಯೊಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಹೆಚ್ಚಾಗಿ ಕಾಡುತ್ತದೆ. ಮುಂಗಾಲನ್ನು ಸಾಮಾನ್ಯವಾಗಿ ಹೆಗಲಿನ ಮೂಳೆಯ ಸಮೇತ ತೆಗೆಯುತ್ತಾರೆ. ಹಿಂಗಾಲನ್ನು ತೊಡೆಯ ಮಧ್ಯದಲ್ಲಿ ಅಥವಾ ಸೊಂಟದ ಕೀಲಿನಲ್ಲಿ. ಹೆಚ್ಚಿನ ನಾಯಿಗಳು ಕೆಲವೇ ದಿನಗಳಲ್ಲಿ ಮೂರು ಕಾಲಿನ ಮೇಲೆ ನಡೆಯಲು ಕಲಿಯುತ್ತವೆ. ಮನೆಯವರ ಆತಂಕ ಹೋಗುತ್ತದೆ. ಆ ಹೊತ್ತಿಗೆ, ಕೆಲವು ನಾಯಿಗಳಲ್ಲಿ, ಇನ್ನೊಂದು ತೊಂದರೆ ತಲೆ ಎತ್ತುತ್ತದೆ. ಸುಮ್ಮನೆ ಮಲಗಿದ್ದದ್ದು ಚೀರಿ ಎದ್ದು ನಿಲ್ಲುತ್ತದೆ. ಇಲ್ಲದ ಕಾಲಿನ ಕಡೆ ತಿರುಗಿ ನೋಡುತ್ತದೆ, ಆ ಜಾಗವನ್ನು ಕಚ್ಚುತ್ತದೆ, ಬಿಡದೆ ನೆಕ್ಕುತ್ತದೆ. ಗಾಯ ಮಾಗಿದ್ದರೂ ಅಲ್ಲಿನ ಸ್ನಾಯು ಅದುರುತ್ತದೆ. ಮಲಗಲು ಹೋಗಿ ಮತ್ತೆ ಎದ್ದು ಸುತ್ತುತ್ತದೆ. ಇಟಲಿಯ ಪಶುವೈದ್ಯ ಸಂಶೋಧಕರು ಇಂಥ ನಾಯಿಗಳ ಮನೆಯವರನ್ನೇ ವಿಚಾರಿಸಿ ಈ ವರ್ತನೆಗಳನ್ನು ದಾಖಲಿಸಿದ್ದಾರೆ. ಹಿಂಗಾಲಿಲ್ಲದ ನಾಯಿ ಕಿವಿ ಕೆರೆದುಕೊಳ್ಳಲು ಹೊರಟಾಗ ಉಳಿದ ಮೋಟು ಗಾಳಿಯಲ್ಲಿ ಆಡುವುದನ್ನು ಹಲವರು ಕಂಡಿದ್ದಾರೆ. ಆ ಕಾಲಿನ ಅರಿವು ಮಿದುಳಿನಲ್ಲಿ ಇನ್ನೂ ಇದೆ ಎಂಬುದರ ಸುಳಿವು ಅದು. ಅದೊಂದನ್ನೇ ನೋವು ಎನ್ನಲಾಗದು.

ಚೀರಿದ ನಾಯಿಯದೆಲ್ಲ ಇಲ್ಲದ ಕಾಲಿನ ಬೇನೆಯೇ ಎಂದು ತೀರ್ಮಾನಿಸುವುದೂ ತಪ್ಪು. ಗಾಯದಲ್ಲಿ ಕೀವು, ಮುಟ್ಟಿದರೆ ಸಿಡಿಯುವ ನರಗಂಟು, ಮರುಕಳಿಸಿದ ಗಡ್ಡೆ, ಹೆಚ್ಚು ಭಾರ ಹೊತ್ತು ದಣಿದ ಬೆನ್ನು ಮತ್ತು ಉಳಿದ ಕಾಲುಗಳ ಕೀಲುಗಳು, ಇವನ್ನೆಲ್ಲ ವೈದ್ಯರು ಮೊದಲು ಪರೀಕ್ಷಿಸಬೇಕು. ನಾಯಿ ತನ್ನ ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲನ್ನು ಮುಂಗಾಲುಗಳ ಮೇಲೆ ಹೊರುತ್ತದೆ. ಒಂದು ಮುಂಗಾಲು ಹೋದರೆ ಇನ್ನೊಂದರ ಪಾಡು ಊಹಿಸಿಕೊಳ್ಳಬಹುದು. ಗ್ಲಾಸ್ಗೊ ವಿಶ್ವವಿದ್ಯಾಲಯದವರು ರೂಪಿಸಿದ ನೋವಿನ ಅಳತೆಪಟ್ಟಿ ಶಸ್ತ್ರಚಿಕಿತ್ಸೆಯ ಆಸುಪಾಸಿನ ದಿನಗಳಲ್ಲಿ ನೆರವಾಗುತ್ತದೆ. ನಾಯಿಯ ದನಿ, ಗಾಯದ ಕಡೆಗಿನ ಗಮನ, ನಡಿಗೆ, ಮುಟ್ಟಿದಾಗಿನ ಪ್ರತಿಕ್ರಿಯೆ, ಒಟ್ಟು ಮನಃಸ್ಥಿತಿ, ಕೂರುವ ಮಲಗುವ ಭಂಗಿ ಎಂಬ ಆರು ಬಾಬತ್ತುಗಳಿಗೆ ಅದರಲ್ಲಿ ಅಂಕ ಕೊಡುತ್ತಾರೆ. ಒಟ್ಟು 24ರಲ್ಲಿ 6 ತಲುಪಿದರೆ ನೋವಿನ ಮದ್ದು ಹೆಚ್ಚಿಸುವ ವಿಚಾರ ಮಾಡಬೇಕು. ನಿವೇದಿಸಲಾರದ ಜೀವದಿಂದ ನಿವೇದನೆಯನ್ನು ಓದಿಕೊಳ್ಳುವ ಶ್ರಮ ಇದು.

ಚಿಕಿತ್ಸೆಯ ಕಡೆ ಬಂದಾಗ ಕನ್ನಡದ ಇನ್ನೊಂದು ಪದ ದಾರಿ ತೋರಿಸುತ್ತದೆ: ಅರಿವಳಿಕೆ. ವೇದನೆ ಅರಿವಾದರೆ ಅದನ್ನು ಅಳಿಸುವುದು ಅರಿವಳಿಕೆ. ಆದರೆ ಅಳಿಸಬೇಕಾದ ಅರಿವು ಮಿದುಳಿನದಷ್ಟೇ ಅಲ್ಲ. ನಾಯಿಗೆ ಪೂರ್ತಿ ಅರಿವಳಿಕೆ ಕೊಟ್ಟು ನರ ಕತ್ತರಿಸಿದರೂ, ಮಿದುಳು ಮಲಗಿರುವಾಗ ಬೆನ್ನುಹುರಿ ಎಚ್ಚರವಾಗಿರುತ್ತದೆ. ಕತ್ತರಿಸಿದ ನರದ ಆ ಒಂದು ದೊಡ್ಡ ಸಿಡಿತ ಅದನ್ನು ಕೆರಳಿಸಿಬಿಡಬಲ್ಲದು. ಅದಕ್ಕೇ ನರವನ್ನು ಕತ್ತರಿಸುವ ಮೊದಲು ಅದರ ಸುತ್ತ ಬುಪಿವಕೇನ್‌ನಂಥ ಸ್ಥಳೀಯ ಅರಿವಳಿಕೆಯನ್ನು ಚುಚ್ಚಬೇಕು; ಹಿಂಗಾಲಾದರೆ ಬೆನ್ನುಹುರಿಯ ಹೊರಪೊರೆಯ ಸುತ್ತಲಿನ ಜಾಗಕ್ಕೂ ಮದ್ದು ಕೊಡಬಹುದು. ಕೆಟಮಿನ್ ಎಂಬ ಔಷಧವನ್ನು ತೀರ ಸಣ್ಣ ಪ್ರಮಾಣದಲ್ಲಿ ರಕ್ತನಾಳದ ಮೂಲಕ ನಿಧಾನವಾಗಿ ಹರಿಸಿದರೆ ಬೆನ್ನುಹುರಿ ಕೆರಳುವುದು ತಗ್ಗುತ್ತದೆ. ಅಮೆರಿಕದ ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದ ಪಶುವೈದ್ಯರು ಮುಂಗಾಲು ತೆಗೆಸಿಕೊಂಡ ನಾಯಿಗಳಲ್ಲಿ ಇದನ್ನು ಪರೀಕ್ಷಿಸಿ 2002ರಲ್ಲಿ ಅನುಕೂಲಕರ ಫಲಿತಾಂಶ ಪ್ರಕಟಿಸಿದರು.

ಅದಕ್ಕೂ ಹಿಂದಿನ ದಿನಗಳು ಮುಖ್ಯ. ಕಾಲು ತೆಗೆಯುವ ಮುನ್ನ ಬಹುಕಾಲ ನೋವುಂಡವರಲ್ಲಿ ಈ ಬೇನೆಯ ಸಂಭವ ಹೆಚ್ಚು ಎಂಬುದು ಮನುಷ್ಯರಲ್ಲಿ ಕಂಡ ಸಂಗತಿ. ಹೇಗೂ ತೆಗೆಯುವ ಕಾಲು ಎಂದು ಆ ನೋವನ್ನು ಕಡೆಗಣಿಸಬಾರದು. ತೆಗೆಯುವ ಕಾಲನ್ನೂ ನೋಯಲು ಬಿಡಬಾರದು.

ಆಮೇಲೆ ಕಾಣಿಸಿಕೊಂಡ ಬೇನೆಗೆ ವೈದ್ಯರು ಗಾಬಪೆಂಟಿನ್ ಅಥವಾ ಪ್ರಿಗಾಬಲಿನ್ ಕೊಡುತ್ತಾರೆ. ಇವು ನರದ ನೋವಿಗೆಂದೇ ಬಳಸುವ ಔಷಧಗಳು. ಅಗತ್ಯ ನೋಡಿ ಅಮಾಂಟಡಿನ್ ಅಥವಾ ಅಮಿಟ್ರಿಪ್ಟಿಲಿನ್ ಅನ್ನು, ಇಲ್ಲವೇ ಮೆಲಾಕ್ಸಿಕಾಮ್‌ನಂಥ ಉರಿಯೂತ ಶಮನಕಾರಿಯನ್ನು ಸೇರಿಸುತ್ತಾರೆ. ಮೊದಲ ದಿನಗಳಲ್ಲಿ ಗಾಬಪೆಂಟಿನ್ ತೂಕಡಿಕೆ ತರುತ್ತದೆ. ಹಾಗೆಂದು ಮನೆಯವರೇ ತಟ್ಟನೆ ನಿಲ್ಲಿಸಬಾರದು, ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಮನುಷ್ಯರಿಗೆಂದು ಮಾಡಿದ ಗಾಬಪೆಂಟಿನ್ ಸಿರಪ್‌ಗಳಲ್ಲಿ ಕೆಲವಕ್ಕೆ ಜೈಲಿಟಾಲ್ ಎಂಬ ಸಿಹಿ ಸೇರಿಸಿರುತ್ತಾರೆ. ನಾಯಿಗೆ ಅದು ವಿಷ. ಮನೆಯಲ್ಲಿದ್ದ ಐಬುಪ್ರೊಫೇನ್, ಡೈಕ್ಲೋಫೆನಾಕ್ ಮಾತ್ರೆಗಳನ್ನು ಕರುಣೆಯಿಂದ ಕೊಟ್ಟರೂ ಅವು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಗಾಯ ಮಾಗಿದ ಮೇಲೆ ಮೆಲ್ಲನೆಯ ಅಂಗಮರ್ದನ, ಬೆಚ್ಚಗಿನ ಶಾಖ, ಕೆಲವೆಡೆ ಅಕ್ಯುಪಂಕ್ಚರ್ ಕೂಡ ನೆರವಿಗೆ ಬರುತ್ತವೆ. ರಾಮಚಂದ್ರನ್ ಅವರ ಕನ್ನಡಿ ಮಾತ್ರ ಇಲ್ಲಿ ಉಪಯೋಗಕ್ಕಿಲ್ಲ. ಕನ್ನಡಿಯಲ್ಲಿ ಕಾಣುವ ಕಾಲು ತನ್ನದೆಂದು ನಾಯಿ ಗುರುತಿಸುವುದಿಲ್ಲ. ಮನೆಯ ಗ್ರಾನೈಟು, ಟೈಲ್ಸಿನ ನೆಲಕ್ಕೆ ಜಾರದ ಚಾಪೆ ಹಾಸಬೇಕು, ತೂಕ ಏರದಂತೆ ನೋಡಿಕೊಳ್ಳಬೇಕು, ಮಲಗಲು ಮೆತ್ತನೆಯ ಜಾಗ ಕೊಡಬೇಕು. ಚೀರಿದಾಗ ಗದರಬಾರದು. ಹಲವು ನಾಯಿಗಳಲ್ಲಿ ಈ ಬೇನೆ ವಾರಗಳು, ತಿಂಗಳುಗಳು ಕಳೆದಂತೆ ಕಡಿಮೆಯಾಗುತ್ತ ಬರುತ್ತದೆ.

ವೈದ್ಯರ ಮೇಜಿನ ಮೇಲೆ ನಿಂತ ನಾಯಿ ಸಾಮಾನ್ಯವಾಗಿ ಏನನ್ನೂ ತೋರಿಸುವುದಿಲ್ಲ. ಹೊಸ ಜಾಗ, ಹೊಸ ವಾಸನೆ, ಬಿಗಿದ ಮೈ. ಮನೆಯಲ್ಲಿ ನಡುರಾತ್ರಿ ಚೀರಿದ್ದು ಅಲ್ಲಿ ಚೀರುವುದಿಲ್ಲ. ಅದಕ್ಕೇ ಪಶುವೈದ್ಯರು ಫೋನಿನಲ್ಲಿ ವೀಡಿಯೊ ಮಾಡಿಕೊಂಡು ಬನ್ನಿ ಎನ್ನುತ್ತಾರೆ. ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ಇತ್ತು, ಏನು ಮಾಡಿದರೆ ತಣಿಯಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ ಎನ್ನುತ್ತಾರೆ. ವೀಡಿಯೊ ಎಂಬುದು ಲ್ಯಾಟಿನ್ನಿನ ‘ನೋಡು’ ಎಂಬ ಕ್ರಿಯೆಯಿಂದ ಬಂದದ್ದು. ಭಾಷಾಶಾಸ್ತ್ರಜ್ಞರು ಆ ಲ್ಯಾಟಿನ್ ಕ್ರಿಯೆಗೂ ನಮ್ಮ ವಿದ್ ಧಾತುವಿಗೂ ಒಂದೇ ಮೂಲವನ್ನು ಗುರುತಿಸಿದ್ದಾರೆ. ಅದರ ಅರ್ಥ ನೋಡುವುದು, ನೋಡಿ ತಿಳಿಯುವುದು. ಒಂದು ಕವಲು ಪೂರ್ವಕ್ಕೆ ಬಂದು ವೇದನೆಯಾಗಿ, ಪ್ರಾಕೃತವನ್ನು ಹಾದು ಬೇನೆಯಾಯಿತು. ಇನ್ನೊಂದು ಪಶ್ಚಿಮಕ್ಕೆ ಹೋಗಿ ವೀಡಿಯೊ ಆಗಿ ಈಗ ನಮ್ಮ ಜೇಬಿಗೆ ಬಂದಿದೆ. ಒಂದು ನಾಯಿಯ ಕಷ್ಟದಲ್ಲಿ ಈ ಎರಡೂ ಮತ್ತೆ ಕೂಡುತ್ತವೆ.

ತಾನು ನೋಯದವನು ಇನ್ನೊಬ್ಬರ ನೋವನ್ನು ಬಲ್ಲನೇ ಎಂಬ ಪ್ರಶ್ನೆಗೆ ಪೂರ್ತಿ ಉತ್ತರ ಯಾರ ಬಳಿಯೂ ಇಲ್ಲ. ಆದರೆ ಬಲ್ಲೆನೆಂದು ಹಮ್ಮು ಪಡುವುದಕ್ಕೂ ಅರಿಯುವ ಯತ್ನವನ್ನೇ ಬಿಡುವುದಕ್ಕೂ ನಡುವೆ ಒಂದು ದಾರಿ ಇದೆ. ಕನ್ನಡದಲ್ಲಿ ಅದರ ಹೆಸರು ಸಂವೇದನೆ, ಅದೂ ವಿದ್ ಧಾತುವಿನ ಮಗಳೇ. ಸಂವೇದನೆ ಎಂದರೆ ಮರುಗುವುದಷ್ಟೇ ಅಲ್ಲ. ನೋಡಿ, ಬರೆದಿಟ್ಟು, ಕೇಳಿ ತಿಳಿಯುವುದು. ಮನೆಯ ನಾಯಿಯ ಕಾಲು ತೆಗೆಸಬೇಕೆಂದು ಗೊತ್ತಾದ ದಿನ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಮೂರು: ಅಲ್ಲಿಯವರೆಗಿನ ನೋವಿಗೆ ಏನು ಮದ್ದು? ನರ ಕತ್ತರಿಸುವ ಮೊದಲು ಅದಕ್ಕೆ ಅರಿವಳಿಕೆ ಕೊಡುತ್ತೀರಾ? ಆಮೇಲೆ ಚೀರಿದರೆ ಏನು ಮಾಡೋಣ? ಕೇಳಲು ನಾಯಿಗೆ ಬಾಯಿಲ್ಲ. ಅದರ ಪರವಾಗಿ ಈ ಮೂರನ್ನು ಕೇಳುವುದು ಅದನ್ನು ಸಾಕಿದವರ ಕರ್ತವ್ಯ.